ಎರಡೆರಡು ಕಡೆ ಇದೆ ಅಂದಿದ್ದೆ

ಸೆಪ್ಟೆಂಬರ್ 29, ಸೋಮವಾರ. ಬೆಳಿಗ್ಗೆ 9.40

ಸರ್ವರ್ ಎದ್ದು ಇವತ್ತಿಗೆ 411 ದಿನ. ಒಂದು ಸಲವೂ ಮಲಗಿಲ್ಲ. ಹುಣಸೂರಿನ ಕರೆಂಟು, ಈ ಹಳೇ ಯುಪಿಎಸ್ಸು — ಆದರೂ 411. ಯಾರಿಗೂ ಬೇಡದ ಲೆಕ್ಕ. ಪ್ರತಿ ಸೋಮವಾರ ನಾನೇ ಬರೆದುಕೊಳ್ತೀನಿ, ನಾನೇ ಖುಷಿಪಡ್ತೀನಿ.

ಸೋಮಶೇಖರ್ ಸಾರ್ ಟ್ರಸ್ಟ್ ಶುರು ಮಾಡಿದವರು, ನಮ್ಮೆಲ್ಲರ ಯಜಮಾನರು. ಇವತ್ತೂ ಅದೇ ಪ್ರಶ್ನೆ. "ಉಷಾ, ಆ ಡಬ್ಬ ಯಾವಾಗ್ಲೂ ಗುಂಯ್ ಅಂತಾನೇ ಇರ್ಬೇಕಾ?" ಇರಬೇಕು ಸಾರ್. ಡಬ್ಬ ಅಲ್ಲ ಅದು. ಹನ್ನೊಂದು ಆದಿವಾಸಿ ಹಾಡಿಗಳ ಆರು ವರ್ಷದ ಕೆಲಸ ಅದರೊಳಗಿದೆ — ಅರಣ್ಯ ಹಕ್ಕಿನ ಅರ್ಜಿ, ನಕ್ಷೆ, ಫೋಟೋ, ಹಿರಿಯರ ವಿಡಿಯೋ. ಎರಡು ಡಿಸ್ಕು, ಎರಡರಲ್ಲೂ ಒಂದೇ ಮಾಲು. ಒಂದು ಸತ್ತರೂ ಇನ್ನೊಂದು ಇರುತ್ತೆ. ರೇಡ್ ಅಂತಾರೆ ಇದಕ್ಕೆ. ನಾನೇ ಕೂತು ಕಟ್ಟಿದ್ದು. ಮೇಲೆ ಚೀಟಿ ಅಂಟಿಸಿದ್ದೀನಿ, ದಪ್ಪ ಅಕ್ಷರದಲ್ಲಿ: ಆಫ್ ಮಾಡಬಾರದು.

ವೀರನಹೊಸಹಳ್ಳಿ ಹತ್ತಿರದ ಹಾಡಿಯ ಮೇಲ್ಮನವಿ ಅಕ್ಟೋಬರ್ 24ಕ್ಕೆ. ಹೋದ ಸಲ ತಿರಸ್ಕಾರ. ಕಾಡಿನೊಳಗೆ ಇವರ ಹಳೇ ಹಾಡಿ ಇತ್ತು ಅನ್ನೋಕೆ ಸಾಕ್ಷಿ ಸಾಲದು ಅಂದಿದ್ದರು. ಈ ಸಲ ಚಿಕ್ಕಮಾದಿ ಅಜ್ಜಿ ಇದ್ದಾರೆ. ಏಪ್ರಿಲ್‌ನಲ್ಲಿ ನಮ್ಮನ್ನು ಒಳಗೆ ಕರ್ಕೊಂಡು ಹೋಗಿ ಒಂಬತ್ತು ಜಾಗ ತೋರಿಸಿದ್ದರು. ಒಲೆ ಇದ್ದ ಕಡೆ, ನೀರಿನ ಗುಂಡಿ, ಮಣ್ಣು ಮಾಡಿದ ಕಡೆ. ಐವತ್ತೆರಡು ನಿಮಿಷದ ವಿಡಿಯೋ. ಜುಲೈನಲ್ಲಿ ಅಜ್ಜಿ ಹೋಗಿಬಿಟ್ಟರು. ವಿಡಿಯೋ ಇದೆ.

ಅವರ ಮೊಮ್ಮಗಳು ಶೋಭಾ ನಮ್ಮಲ್ಲೇ ಫೀಲ್ಡ್ ಕೆಲಸಕ್ಕಿದ್ದಾಳೆ. ಇವತ್ತು ಮತ್ತೆ ಕೇಳಿದಳು, "ಅಜ್ಜಿದು ಐತಲ್ಲಾ ಅಕ್ಕ?" ಎರಡೆರಡು ಕಡೆ ಇದೆ ಕಣೇ, ಅಂದೆ.

ನಾಳೆಯಿಂದ ರಜ. ಹಬ್ಬಕ್ಕೆ ನಮ್ಮೂರು ಭೇರ್ಯಕ್ಕೆ.

ಅಕ್ಟೋಬರ್ 3, ಶುಕ್ರವಾರ. 10.20

ಬಾಗಿಲು ತೆಗೆದ ತಕ್ಷಣ ಊದಿನಕಡ್ಡಿ ವಾಸನೆ. ಸರ್ವರ್‌ಗೆ ಚೆಂಡುಹೂವಿನ ಹಾರ. ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕೆಳಗೆ ಎರಡು ಹೋಳು ನಿಂಬೆಹಣ್ಣು. ನನ್ನ ಚೀಟಿಯ ಮೇಲೂ ಒಂದು ಬೊಟ್ಟು.

ಸ್ಕ್ರೀನ್ ಕಪ್ಪಗಿದೆ. ಬಿಳೀ ಅಕ್ಷರ. md0 ಸಿಗಲಿಲ್ಲ, ತೊಂಬತ್ತು ಸೆಕೆಂಡ್ ಕಾದೆ, ಎಮರ್ಜೆನ್ಸಿ ಮೋಡ್‌ಗೆ ಬಂದೆ ಅಂತಿದೆ. md0 ಅಂದರೆ ಆ ಎರಡು ಡಿಸ್ಕಿನ ಜೋಡಿ. ಎಲ್ಲ ಇರೋದು ಅದರಲ್ಲಿ.

ಹುಡುಕಿದೆ. ಡಿಸ್ಕ್ ಎರಡೂ ಇವೆ — sdb, sdc. ತಿರುಗ್ತಿವೆ. ಜೋಡಿ ಇಲ್ಲ. ಕೈಯಿಂದ ಸೇರಿಸೋಕೆ ಹೋದರೆ, ಸೇರಿಸೋಕೆ ಏನೂ ಸಿಗಲಿಲ್ಲ ಅನ್ನುತ್ತೆ. ಪ್ರತಿ ಡಿಸ್ಕಿನ ಮೊದಲಲ್ಲೇ ಒಂದು ಗುರುತು ಇರುತ್ತೆ, ನಾನು ಇಂಥ ಜೋಡಿಯವನು ಅಂತ. ಎರಡರಲ್ಲೂ ಆ ಗುರುತು ಇಲ್ಲ. ಒರೆಸಿ ಹಾಕಿದ ಹಾಗೆ.

ಒರೆಸಿದವನು ಯಾರು ಅಂತ ಗೊತ್ತು. ಬರಲಿ ಅವನು.

ಅಕ್ಟೋಬರ್ 3. 11.45

ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿಯಬಹುದು.

ನಂಜಣ್ಣ ಟೀ ಫ್ಲಾಸ್ಕ್ ಹಿಡ್ಕೊಂಡು ನಗ್ತಾ ಬಂದರು. ಆಫೀಸು ಗುಡಿಸೋದು, ಬೀಗ, ಟೀ, ಜೀಪು, ಎಲ್ಲ ಅವರದೇ. ಹತ್ತೊಂಬತ್ತು ವರ್ಷದಿಂದ.

"ಏನ್ ಮಾಡಿದ್ರಿ ಇದಕ್ಕೆ?"

"ಪೂಜೆ ಕಣವ್ವ. ಮಂಗ್ಳಾರ ಎಲ್ಲಾ ಮಿಸಿನ್ನೂ ಒರ್ಸಿ ಮಾಡ್ದೆ. ಜೆರಾಕ್ಸು, ಜೀಪು, ಇದು."

"ಆಫ್ ಮಾಡಿದ್ರಾ?"

"ಉರಿಯೋ ಮಿಸಿನ್ಗೆ ಯಾರಾದ್ರೂ ಪೂಜೆ ಮಾಡ್ತಾರಾ? ವರ್ಸಕ್ಕೊಂದಿನ ಆಯುಧಕ್ಕೆ ಬಿಡುವು ಕೊಡ್ಬೇಕು. ಓದ್ ವರ್ಸ ನೀವು ಬಾಗ್ಲು ಬೀಗ ಹಾಕ್ಕೊಂಡೋಗಿದ್ರಿ. ಮನ್ಸಿಗೆ ಒಂಥರಾ ಆಗಿತ್ತು."

"ಬಿಚ್ಚಿದ್ರಾ?"

"ಮ್ಯಾಲಿನ ಡಬ್ಬಕ್ಕೆ ಮಾಡಿ ಏನ್ ಬಂತು? ನೀವೇ ಅಂದಿದ್ರಲ್ಲ, ಒಳಗಿರೋ ಎಲ್ಡು ಡಿಸ್ಕೇ ಜೀವ ಅಂತ. ಅವುನ್ನ ಈಚಿಗ್ ತಗ್ದು, ಒಣಬಟ್ಟೇಲಿ ಒರ್ಸಿ, ವಿಭೂತಿ ಇಟ್ಟು, ಆರ್ತಿ ಮಾಡಿ, ಅಂಗೇ ಮಡುಗ್ದೆ. ಸ್ವಿಚ್ಚೂ ಹಾಕುದ್ನಲ್ಲ."

ಅಲ್ಲಿಂದ ಮುಂದೆ ನನಗೆ ಹಿಡಿತ ತಪ್ಪಿತು. ನಿಂಗೇನಾದ್ರೂ ಬುದ್ಧಿ ಇದ್ಯಾ ಅಂದೆ. ಓದೋಕೆ ಬರಲ್ವಾ ನಿಂಗೆ, ಏನಂತ ಬರ್ದಿದೆ ಇಲ್ಲಿ, ಓದು ಅಂದೆ. ಅಪ್ಪನ ವಯಸ್ಸಿನವರು. ನೀನು ಅಂದೆ. ಒಂದು ಸಲ ಅಲ್ಲ. ಹಾರ ಕಿತ್ತು ಕಸದ ಬುಟ್ಟಿಗೆ ಎಸೆದೆ. ಟೇಬಲ್ ಒರೆಸೋ ಬಟ್ಟೆಯಲ್ಲಿ ಕುಂಕುಮ ತಿಕ್ಕಿ ತೆಗೆದೆ. ಅವರು ಫ್ಲಾಸ್ಕ್ ಹಿಡ್ಕೊಂಡೇ ನಿಂತಿದ್ದರು.

ಸಾರ್ ಬಂದರು. ಶೋಭಾನೂ ಬಂದಳು. ಸಾರ್‌ಗೆ ಅರ್ಥ ಆಗಿದ್ದು ಇಷ್ಟು — ಅಜ್ಜಿಯ ವಿಡಿಯೋ ಸಿಗ್ತಿಲ್ಲ, ನಂಜಣ್ಣ ಮುಟ್ಟಿದ್ದಾನೆ. "ವಿಚಾರಣೆ ಮುಗಿಯೋ ತನಕ ನೀನು ಈ ಕಡೆ ಬರಬೇಡ" ಅಂದುಬಿಟ್ಟರು. ನಂಜಣ್ಣ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೋದರು.

ಸರಿಯಾಯ್ತು. ಹೋಗಲಿ. ಇಪ್ಪತ್ತೊಂದು ದಿನ ಇದೆ ನನಗೆ.

ಅಕ್ಟೋಬರ್ 4, ಶನಿವಾರ. ಮಧ್ಯಾಹ್ನ 12.30

ಮೇಲಿನ ಡಿಸ್ಕನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದ್ದರು. ವಾಪಸ್ ಬದಲಾಯಿಸಿದೆ. ಏನೂ ಆಗಲಿಲ್ಲ. ಆಗಬಾರದು ಕೂಡ, ರೇಡ್‌ಗೆ ಜಾಗ ಮುಖ್ಯ ಅಲ್ಲ, ಗುರುತು ಮುಖ್ಯ. ಕೇಬಲ್ ಬದಲಾಯಿಸಿದೆ. ಬೇರೆ ಕಂಪ್ಯೂಟರ್‌ಗೆ ಹಾಕಿದೆ. ಇಂಟರ್ನೆಟ್ಟಿನಲ್ಲಿ ಸಿಕ್ಕವರೆಲ್ಲ ಕಾನ್ಫಿಗ್ ಫೈಲಿಗೆ ಸಾಲು ಸೇರಿಸಿ, ಬೂಟ್ ಇಮೇಜ್ ಮತ್ತೆ ಕಟ್ಟಿ ಅಂತಾರೆ. ಕಟ್ಟಿದೆ. ಗುರುತೇ ಇಲ್ಲದ ಮೇಲೆ ಯಾವ ಸಾಲು ಸೇರಿಸಿ ಏನು ಪ್ರಯೋಜನ!

ಗೌರೀಶ್‌ಗೆ ಫೋನ್ ಮಾಡಿದೆ. ಡಿಪ್ಲೊಮಾದಲ್ಲಿ ಜೊತೆಗಿದ್ದವನು, ಈಗ ಮೈಸೂರಲ್ಲಿ ಇದೇ ಕೆಲಸ. ಎಲ್ಲ ಕೇಳಿ ಅವನು ಅಂದ ಮೊದಲ ಮಾತು — "ರೀಬೂಟ್ ಮಾಡಿ ನೋಡಿದ್ಯೇನೇ?"

ಫೋನ್ ಗೋಡೆಗೆ ಎಸೆಯೋದೊಂದು ಬಾಕಿ.

ಆಮೇಲೆ ಸರಿಯಾಗಿ ಕೇಳಿದ. "ಡಿಸ್ಕಲ್ಲಿ ಪಾರ್ಟಿಷನ್ ಮಾಡಿ ಅದರ ಮೇಲೆ ಕಟ್ಟಿದ್ಯೋ, ಬರೀ ಡಿಸ್ಕಿನ ಮೇಲೆ ನೇರವಾಗಿ ಕಟ್ಟಿದ್ಯೋ?" ನೆನಪಿಲ್ಲ ಅಂದೆ. ಅದೇನು ಮುಖ್ಯಾನಾ ಅಂದೆ. ಆಮೇಲೆ, "ಉಷಾ, ಒಂದು ಮಾತು ಕೇಳು. ಈಗ ಏನೂ ಮುಟ್ಟಬೇಡ. ಎರಡು ಖಾಲಿ ಡಿಸ್ಕ್ ಕಳಿಸ್ತೀನಿ, ಮಂಗಳವಾರ ಬಸ್ಸಿಗೆ ಹಾಕ್ತೀನಿ. ಮೊದಲು ಎರಡರದ್ದೂ ನಕಲು ತೆಗಿ. ಆಮೇಲೆ ನಕಲಿನ ಮೇಲೆ ಆಟ ಆಡು. ಜೋಡಿ ಮತ್ತೆ ಕಟ್ಟೋದೇ ಆದ್ರೆ ಒಂದೇ ಡಿಸ್ಕ್ ಇಟ್ಟು ಕಟ್ಟು. ಎರಡಕ್ಕೂ ಒಟ್ಟಿಗೆ ಕೈ ಹಾಕಬೇಡ."

ಸರಿ ಸರಿ ಅಂದೆ. ಪಾಠ ಕೇಳೋ ತಾಳ್ಮೆ ಇರಲಿಲ್ಲ. ಯಾರೋ ಕುಂಕುಮ ಹಚ್ಚಿ ಕೆಡಿಸ್ತಾರೆ, ಇನ್ಯಾರೋ ಉಪದೇಶ ಮಾಡ್ತಾರೆ. ಮಧ್ಯೆ ನಾನು.

ಅಕ್ಟೋಬರ್ 6, ಸೋಮವಾರ. 1.20

ಬಂತು!! ಬಂತು ಬಂತು.

ಬೆಳಿಗ್ಗೆಯಿಂದ ತಲೆ ಸಿಡಿದು ಹೋಗಿತ್ತು. ವಕೀಲರಿಗೆ ಇವತ್ತೇ ವಿಡಿಯೋ ಬೇಕಂತೆ. ಸಾರ್ ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಇಣುಕೋದು. "ಏನಾಯ್ತು ಉಷಾ, ಏನಾಯ್ತು?" ಶೋಭಾ ಎದುರಿಗೆ ಸ್ಟೂಲ್ ಮೇಲೆ, ಮಾತಿಲ್ಲದೆ. ಅವಳು ಮಾತಾಡದೆ ಕೂರೋದು ಸಾರ್ ಇಣುಕೋದಕ್ಕಿಂತ ಹೆಚ್ಚು ಉರಿಸ್ತಿತ್ತು. ಮಂಗಳವಾರದ ಬಸ್ಸಿಗೆ ಡಿಸ್ಕ್ ಬಂದು, ನಕಲಾಗಿ... ಯಾವ ಕಾಲಕ್ಕೆ?

ಹಾಕಿದೆ ಕಮಾಂಡ್. ಜೋಡಿ ಹೊಸದಾಗಿ ಕಟ್ಟು, ಒಂದನೇದು sdb, ಎರಡನೇದು sdc. ಖಾತ್ರಿಯಾ ಅಂತ ಕೇಳಿತು. ಹೌದು ಅಂತ ಒತ್ತಿದೆ. 1.10ಕ್ಕೆ. md0 ಎದ್ದು ಕೂತಿತು. ಮೌಂಟ್ ಆಯ್ತು. ಫೋಲ್ಡರುಗಳೆಲ್ಲ ಕಾಣಿಸಿದವು, ಹನ್ನೊಂದು ಹಾಡಿಯ ಹೆಸರುಗಳೂ.

ಅತ್ತುಬಿಟ್ಟೆ. ಸಾರ್ ಚಪ್ಪಾಳೆ ಹೊಡೆದರು. ಶೋಭಾ ಎದ್ದು ಬಂದು ತಮ್ಮ ಹಾಡಿಯ ಹೆಸರಿನ ಮೇಲೆ ಬೆರಳಿಟ್ಟು ನೋಡಿದಳು.

ಒಂದನೇ ಡಿಸ್ಕಿನದನ್ನು ಎರಡನೇದಕ್ಕೆ ನಕಲು ಮಾಡ್ತಾ ಇದೆ, ಜೋಡಿ ಕಟ್ಟಿದಾಗ ಮಾಡುತ್ತೆ. ಮಾಡಿಕೊಳ್ಳಲಿ. ಎರಡೂ ಒಂದೇ ತಾನೆ. ಊಟಕ್ಕೆ ಹೋಗ್ತಿದ್ದೀವಿ, ಮೂರೂ ಜನ. ಸಾರ್ ಕೊಡಿಸ್ತಾರಂತೆ.

ಅಕ್ಟೋಬರ್ 6. 4.30

ಊಟ ಮುಗಿಸಿ, ಸಾರ್ ಜೊತೆ ವಕೀಲರನ್ನು ಕಂಡು, ಬಂದಾಗ 3.40.

ಶೋಭಾಳ ಹಾಡಿಯ ಫೋಲ್ಡರ್ ತೆಗೆದೆ. 2025. ಜನವರಿ ಇದೆ. ಫೆಬ್ರವರಿ ಇದೆ. ಮಾರ್ಚ್ ಇಲ್ಲ.

ಬೇರೆ ಹಾಡಿ ತೆಗೆದೆ. ಫೆಬ್ರವರಿ 18ರ ತನಕ. ಇನ್ನೊಂದು. ಫೆಬ್ರವರಿ 18. ಹನ್ನೊಂದೂ ಫೆಬ್ರವರಿ 18ಕ್ಕೆ ನಿಂತಿವೆ. ಆಮೇಲೆ ಒಂದು ಫೈಲೂ ಇಲ್ಲ, ಏಪ್ರಿಲ್ ಇಲ್ಲ, ಅಜ್ಜಿ ಇಲ್ಲ.

ಹತ್ತು ನಿಮಿಷ ಸುಮ್ಮನೆ ಹುಡುಕಿದೆ, ಪೆದ್ದಿಯ ಹಾಗೆ. ಮೂಲೆಯ ಕಿಟಕಿಯಲ್ಲಿ ನಕಲಿನ ಲೆಕ್ಕ ಏರ್ತಾನೇ ಇತ್ತು. 68. 69. 70. ಆಮೇಲೆ ಹೊಳೀತು. ವೈರ್ ಎಳೆದೆ. ಚೀಟಿ ಅಂಟಿಸಿದವಳೇ ವೈರ್ ಎಳೆದೆ.

71ರಲ್ಲಿ ನಿಂತಿತು.

sdb ಫೆಬ್ರವರಿಯಲ್ಲೇ ಕೆಲಸ ಬಿಟ್ಟಿತ್ತು. ಜೋಡಿಯಿಂದ ಕಳಚಿಕೊಂಡಿತ್ತು. ಅಲ್ಲಿಂದ ಈಚೆಗೆ sdc ಒಂದೇ ದುಡೀತಿತ್ತು, ಒಂಟಿ. ಏಪ್ರಿಲ್ ಇದ್ದದ್ದು ಅದರಲ್ಲಿ ಮಾತ್ರ. ನಾನು ಸತ್ತ ಡಿಸ್ಕನ್ನು ಒಂದನೇದು ಅಂತ ಬರೆದೆ. ಬದುಕಿದ್ದರ ಮೇಲೆ ಸತ್ತದ್ದನ್ನು ನಕಲು ಮಾಡಿಸಿದೆ. ಊಟ ಮಾಡ್ತಾ ಕೂತಿದ್ದೆ ಆಗ. ಎರಡನೇ ಸಲ ಪಲ್ಯ ಹಾಕಿಸಿಕೊಂಡಿದ್ದೆ.

ಶೋಭಾ ವೀರನಹೊಸಹಳ್ಳಿ ಬಸ್ಸಿಗೆ ಹೋಗಿಯಾಗಿತ್ತು. ಖುಷಿಯಲ್ಲಿ.

ಅಕ್ಟೋಬರ್ 7, ಮಂಗಳವಾರ. 11.00

ಗೌರೀಶ್‌ಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು. ಒಂದು ಡಿಸ್ಕ್ ಕಳಚಿಕೊಂಡರೆ ಅದು ಮೇಲ್ ಕಳಿಸುತ್ತೆ ಕಣೇ, ರೂಟ್‌ನ ಪೆಟ್ಟಿಗೆ ನೋಡು, ಅಂದ.

ನೋಡಿದೆ. ರೂಟ್ ಅಂದರೆ ಆ ಮೆಷಿನ್ನಿನ ಒಡೆಯರು. ಅಂದರೆ ನಾನೇ. 224 ಮೇಲ್. ಫೆಬ್ರವರಿ 19ರಿಂದ ಸೆಪ್ಟೆಂಬರ್ 30ರ ತನಕ, ದಿನಾ ಬೆಳಿಗ್ಗೆ ಒಂದು. ಒಂದು ಡಿಸ್ಕ್ ಬಿದ್ದಿದೆ, ನೋಡಿ. ಒಂದು ಡಿಸ್ಕ್ ಬಿದ್ದಿದೆ, ನೋಡಿ. ಸೋಮವಾರ ಸೋಮವಾರ ಅದೇ ಮೆಷಿನ್ನಿಗೆ ಲಾಗಿನ್ ಆಗಿ ಎಷ್ಟು ದಿನ ಅಂತ ಎಣಿಸಿ ಮೀಸೆ ತಿರುವಿಕೊಂಡು ಬರ್ತಿದ್ದೆ. ಒಂದನ್ನೂ ತೆಗೆದು ನೋಡಿಲ್ಲ.

ಇನ್ನೂ ಇದೆ. ಗುರುತು ಅಳಿಸಿದ್ದು ಯಾರು? ಡಿಸ್ಕಿನ ಮೊದಲ ಭಾಗ ತೆಗೆದು ಗೌರೀಶ್‌ಗೆ ಕಳಿಸಿದ್ದೆ. ಹಳೇ ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕನ್ನು ಹೇಗೆ ಭಾಗ ಮಾಡಿತ್ತು ಅನ್ನೋ ಪಟ್ಟಿ, ಅಲ್ಲಿ ಬಂದು ಕೂತಿದೆಯಂತೆ. ನಾನು ಜೋಡಿ ಕಟ್ಟೋ ದಿನ ಹಳೇ ಪಟ್ಟಿ ಪೂರ್ತಿ ಅಳಿಸದೆ, ಪಾರ್ಟಿಷನ್ ಮಾಡದೆ, ಬರೀ ಡಿಸ್ಕಿನ ಮೇಲೆ ನೇರವಾಗಿ ಕಟ್ಟಿದ್ದೀನಿ. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಉಳಿದಿತ್ತು. ಕೆಲವು ಮದರ್‌ಬೋರ್ಡ್‌ಗಳು ಆನ್ ಆಗೋವಾಗ ಅದನ್ನು ನೋಡಿ, ಅಯ್ಯೋ ಮುಂದಿನ ಪಟ್ಟಿ ಕೆಟ್ಟಿದೆ ಅಂತ ತಾವೇ ಮತ್ತೆ ಬರೀತಾವೆ. ರೇಡ್ ಗುರುತಿನ ಮೇಲೇ.

"ಅಂದ್ರೆ ಡಿಸ್ಕ್ ಬಿಚ್ಚಿದ್ದಕ್ಕೆ ಆಗಿದ್ದಲ್ಲ?"

"ಬಿಚ್ಚಿದ್ದಕ್ಕೂ ಅಲ್ಲ, ಒರೆಸಿದ್ದಕ್ಕೂ ಅಲ್ಲ. ಯಾವತ್ತು ಆಫ್ ಆಗಿ ಆನ್ ಆಗಿದ್ರೂ ಹಿಂಗೇ ಆಗ್ತಿತ್ತು. ಮೊದಲನೇ ದಿನವೇ ಒಂದು ಸಲ ರೀಬೂಟ್ ಮಾಡಿದ್ರೆ ಗೊತ್ತಾಗಿರೋದು."

ಮಾಡಲಿಲ್ಲ. ಆಫ್ ಮಾಡಬಾರದು ಅಂತ ಚೀಟಿ ಬರೆದೆ.

ನಂಜಣ್ಣನ ಕೈಯಿಂದ ಒಂದು ಕೂದಲಿನಷ್ಟೂ ಹಾಳಾಗಿಲ್ಲ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ನಾಳೆ ಹೇಳ್ತೀನಿ.

ಅಕ್ಟೋಬರ್ 13, ಸೋಮವಾರ. 10.00

ಹೇಳಲಿಲ್ಲ.

ಐದು ದಿನ ಇಲ್ಲಿ ಬರೆಯಲೂ ಇಲ್ಲ. ಬರೆಯದಿದ್ದರೆ ಆಗಿಲ್ಲ ಅಂತಾಗುತ್ತಾ? ಥೂ.

ಗೌರೀಶ್ ಡಿಸ್ಕ್ ಕಳಿಸಿದ. sdcಯಲ್ಲಿ ಉಳಿದ ಭಾಗವನ್ನು ಜಾಲಾಡಿದೆ, ನಾಲ್ಕು ದಿನ. ಸಿಕ್ಕಿದ್ದು ಚೂರುಪಾರು. ಹೆಸರಿಲ್ಲದ ಫೋಟೋಗಳು, ಯಾರದೋ ಅರ್ಜಿಯ ಅರ್ಧ ಪುಟ, ತೆರೆಯದ ವಿಡಿಯೋ ತುಂಡುಗಳು. ಅಜ್ಜಿಯದು ಒಂದು ಕ್ಷಣವೂ ಇಲ್ಲ. ಕಾಡಿನಲ್ಲಿ ನಡೆದ ದಾರಿಯ ಜಿಪಿಎಸ್ ಗುರುತೂ ಅದೇ ಫೋಲ್ಡರಿನಲ್ಲಿತ್ತು. ಅದೂ ಹೋಯ್ತು.

ಎಲ್ಲರಿಗೂ ಹೇಳಿರೋದು "ಪ್ರಯತ್ನ ಮಾಡ್ತಿದ್ದೀನಿ" ಅಂತ. ಈ ಐದು ದಿನದಲ್ಲಿ ಮೂರು ಜನ ಬಂದು ನಂಜಣ್ಣನನ್ನು ಬೈದು ಹೋದರು. ಪೂಜೆಯಂತೆ ಪೂಜೆ, ಅಂದರು. ನಾನು ತಲೆ ಆಡಿಸಿದೆ. ಆಡಿಸಿದೆ ಅಂತ ಬರೆದಿಡ್ತಿದ್ದೀನಿ, ಆಮೇಲೆ ನಾನು ಆಡಿಸಲಿಲ್ಲ ಅಂತ ನನಗೇ ಸುಳ್ಳು ಹೇಳಿಕೊಳ್ಳಬಾರದು.

ಆಫೀಸು ಗುಡಿಸುವವರಿಲ್ಲ. ಟೀ ಇಲ್ಲ.

ಅಕ್ಟೋಬರ್ 14, ಮಂಗಳವಾರ. 3.15

ಸಾರ್ ಒಂದು ಕಾಗದ ಟೈಪ್ ಮಾಡಿಸಿ ತಂದರು. ಮೇಲ್ಮನವಿ ಕೇಳೋ ಸಮಿತಿಗೆ ಕೊಡೋಕೆ. "ಆಯುಧಪೂಜೆಯ ಸಂದರ್ಭದಲ್ಲಿ ಸಿಬ್ಬಂದಿಯ ಅಜಾಗರೂಕತೆಯಿಂದ ಮುಖ್ಯ ಸಾಕ್ಷ್ಯ ನಾಶವಾಗಿದ್ದು, ಕಾಲಾವಕಾಶ ಕೋರಿ..." ಕೆಳಗೆ ನನ್ನ ಸಹಿಗೆ ಜಾಗ.

ಆಗ ಹೇಳಿದೆ. ಎಲ್ಲ. ಪಾರ್ಟಿಷನ್, ಮೇಲ್, ಒಂದನೇದು ಎರಡನೇದು, ಊಟ.

ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ — "ಇರ್ಲಿ. ಈಗ ಇದಕ್ಕೆ ಸೈನ್ ಹಾಕು."

"ಸಾರ್, ನಂಜಣ್ಣಂದು ತಪ್ಪಿಲ್ಲ ಅಂತ ಈಗ ತಾನೆ ಹೇಳಿದ್ನಲ್ಲ."

"ನಂಗೊತ್ತಾಯ್ತು. ಆದ್ರೆ ಸಂಸ್ಥೆಯ ಟೆಕ್ನಿಕಲ್ ವ್ಯಕ್ತಿನೇ ಕೆಡಿಸಿದ್ರು ಅಂತ ಬರೆದ್ರೆ, ನಾಳೆ ನಮ್ಮ ಬೇರೆ ಸಾಕ್ಷ್ಯಗಳನ್ನ ಯಾರು ನಂಬ್ತಾರೆ? ಅಟೆಂಡರ್ ಪೂಜೆ ಮಾಡ್ದ ಅಂದ್ರೆ ಯಾರಾದ್ರೂ ಅರ್ಥ ಮಾಡ್ಕೋತಾರೆ. ಅವನಿಗೇನು, ಅವನ ಹೆಸರೂ ಬರೆದಿಲ್ಲ."

ಹರಿದೆ. ಎರಡಾಗಿ, ನಾಲ್ಕಾಗಿ. ಹತ್ತೊಂಬತ್ತು ವರ್ಷದಿಂದ ಈ ಆಫೀಸಿನಲ್ಲಿ ಒಬ್ಬರೇ ಅಟೆಂಡರ್ ಇದ್ದಾರೆ, ಹೆಸರು ಬೇರೆ ಬೇಕಾ ಅಂದೆ. ಸಾರ್ ಮುಖ ಕೆಂಪಾಯ್ತು. ನನ್ನದೂ ಆಗಿರಬೇಕು. ಧೈರ್ಯಸ್ಥೆಯ ಹಾಗೆ ಹರಿದೆ. ಅದೇ ಸುಳ್ಳನ್ನು ನಾನು ಬಾಯಿ ಬಿಡದೆ ಒಂದು ವಾರ ನಡೆಸಿಕೊಂಡು ಬಂದಿದ್ದೆ. ಸಾರ್ ಅದನ್ನು ಟೈಪ್ ಮಾಡಿಸಿದರು, ಅಷ್ಟೇ ವ್ಯತ್ಯಾಸ.

ಅಕ್ಟೋಬರ್ 15, ಬುಧವಾರ. ಸಂಜೆ 5.30

ನಂಜಣ್ಣನ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದರು. ಒಳಗೆ ಬನ್ನಿ ಅನ್ನಲಿಲ್ಲ. ನಿಂತೇ ಹೇಳಿದೆ. ನಿಮ್ಮಿಂದ ಏನೂ ಆಗಿಲ್ಲ ನಂಜಣ್ಣ, ಪೂರಾ ನಂದೇ ತಪ್ಪು. ಕ್ಷಮಿಸಿ, ನಾಳೆಯಿಂದ ಬನ್ನಿ.

ಕಾಯಿ ಬಿಡಿಸೋದು ನಿಲ್ಲಿಸಲಿಲ್ಲ.

"ಯಾವತ್ತು ಗೊತ್ತಾಯ್ತು?"

"ಹೋದ ಮಂಗಳವಾರ."

"ಇವತ್ತು ಬುದ್ವಾರ. ಎಂಟ್ ದಿನ ಆತು."

"ಹೌದು."

"ಎಂಟ್ ದಿನ ನಮ್ಮ ಬೀದೀಲಿ ನನ್ನ ಏನಂದ್ರು ಗೊತ್ತಾ ನಿಮ್ಗೆ? ಹಾಡಿಯೋರ ಭೂಮಿ ಕಳ್ದೋನು ಅಂದ್ರು. ಸುಂದ್ರಮ್ಮ ನಲ್ಲಿತಾವ್ಕೆ ಓಗೋದ್ ಬುಟ್ಟವ್ಳೆ."

ಸುಂದ್ರಮ್ಮ ಅವರ ಹೆಂಡತಿ. ಬಾಗಿಲ ಹಿಂದೆ ನಿಂತಿದ್ದರು, ಸೆರಗು ಕಾಣ್ತಿತ್ತು.

ನೀನು ಅಂದಿದ್ದಕ್ಕೂ ಕ್ಷಮಿಸಿ ಅಂದೆ. ಆಗ ತಲೆ ಎತ್ತಿದರು.

"ಅದ್ ಬುಡಿ. ಸಿಟ್ನಲ್ಲಿ ಬಾಯಿ ತಪ್ತದೆ. ದೇವ್ರಿಗೆ ಹಾಕಿದ್ ಹಾರ ಕಸುದ್ ಬುಟ್ಟಿಗ್ ಎಸ್ದ್ರಲ್ಲ, ಅದೂ ನನ್ ಎದ್ರುಗೇ. ನಾನ್ ಆ ಮಿಸಿನ್ಗೆ ಪೂಜೆ ಮಾಡಿದ್ದು ಅದ್ರಲ್ಲಿ ಆ ಜನದ್ದೆಲ್ಲ ಐತೆ ಅಂತ. ನಂಗೇನ್ ಗೊತ್ತು, ನೀವೇ ಅದುನ್ನ ನೋಡ್ಕೊತಿರ್ನಿಲ್ಲ ಅಂತ."

ಬರಲ್ಲ ಅಂದರು. ಬೀಗದ ಕೈ ಕೊಟ್ಟಾಗೈತೆ ಅಂದರು. ತಿರುಗಿ ಬಂದೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಹಾಕೋದು.

ಅಕ್ಟೋಬರ್ 17, ಶುಕ್ರವಾರ. 4.00, ಬಸ್ಸಿಗೆ ಕಾಯ್ತಾ

ಹಾಡಿಗೆ ಹೋಗಿದ್ದೆ. ಶೋಭಾ ಮೂರು ದಿನದಿಂದ ಆಫೀಸಿಗೆ ಬಂದಿಲ್ಲ. ವಿಡಿಯೋ ಹೋದದ್ದನ್ನು ಸಾರ್ ಫೋನಿನಲ್ಲಿ ಹೇಳಿದ್ದಾರೆ.

ಎದುರು ಹೋಗಿ ನಿಂತೆ. ಅವಳು ಕೂಗಾಡ್ತಾಳೆ ಅಂದುಕೊಂಡಿದ್ದೆ. ಮೊದಲು ಕೂಗಲಿಲ್ಲ.

"ಫೋನ್ ತುಂಬೋಗೈತೆ ಅಕ್ಕ, ಅಜ್ಜಿ ವಿಡಿಯೋ ಏನ್ ಮಾಡ್ಲಿ ಅಂತ ಕೇಳಿದ್ದೆ ನಿಮ್ಮನ್ನ. ನೆನಪೈತಾ?"

ನೆನಪಿದೆ. ಡಿಲೀಟ್ ಮಾಡು ಅಂದಿದ್ದೆ. ಸರ್ವರ್‌ನಲ್ಲಿದೆ, ಫೋನಿನಲ್ಲಿ ಯಾಕೆ ಇಟ್ಕೋತೀಯ ಅಂದಿದ್ದೆ. ಅವಳು ಮಾಡಲಾ ಬೇಡವಾ ಅಂತ ನೋಡ್ತಿದ್ದಾಗ, ಕೊಡು ಇಲ್ಲಿ ಅಂತ ನಾನೇ ಕೈಯಿಂದ ಇಸ್ಕೊಂಡು ಡಿಲೀಟ್ ಮಾಡಿದ್ದೆ.

ಆಮೇಲೆ ಕೂಗಿದಳು. "ಅಜ್ಜಿ ಸಾಯೋ ಮುಂಚೆ ನಾನು ಕೇಳ್ದೆ ಅಕ್ಕ! ತಾತುನ್ನ ಎಲ್ಲಿ ಮಣ್ ಮಾಡಿದ್ರಿ, ಇನ್ನೊಂದ್ಸಲ ಯೋಳು ಅಂತ. ಉಸ್ರು ಎಳೀತಾ ಇತ್ತು. ಆ ಫೋನ್ಗೆ ಯೋಳಿದೀನಲ್ಲ ಮಗ, ಅದ್ರಲ್ಲಿ ನೋಡ್ಕೊ ಅಂತು. ನಾನೂ ಸರಿ ಅಂದೆ. ಸುಸ್ತು ಮಾಡೋದ್ ಬ್ಯಾಡ ಅಂತ ಸುಮ್ನಾದೆ. ನೀವು ಎಲ್ಡೆಲ್ಡು ಕಡೆ ಐತೆ ಅಂದಿದ್ರಿ. ಇಲ್ದಿದ್ರೆ ಸುಮ್ನಾಯ್ತಿದ್ನಾ ನಾನು?"

ಕ್ಷಮಿಸು ಅಂದೆ. ಆ ಮಾತು ಅಷ್ಟು ಹಗುರ ಅಂತ ಮೊನ್ನೆಯೂ ಗೊತ್ತಾಗಿತ್ತು, ಇವತ್ತು ಇನ್ನೂ ಗೊತ್ತಾಯ್ತು.

ಮೂಗು ಒರೆಸಿಕೊಂಡು ಒಳಗೆ ಹೋಗಿ ನೋಟ್‌ಬುಕ್ ತಂದಳು. ವಕೀಲರನ್ನು ತಾನೇ ಕೇಳಿದ್ದಾಳೆ. ಅಜ್ಜಿ ತೋರಿಸಿದಾಗ ಜೊತೆಗಿದ್ದವರು ಲಿಖಿತ ಹೇಳಿಕೆ ಕೊಡಬಹುದಂತೆ. ಗುರುತು ಖಚಿತವಾಗಿದ್ದರೆ ಸ್ಥಳಕ್ಕೆ ಬಂದು ನೋಡಿ ಅಂತ ಕೇಳಬಹುದಂತೆ. ಒಂದರಿಂದ ಆರರ ತನಕ ಬರೆದಿದ್ದಾಳೆ. ಯಾವ ಮರ, ಎಷ್ಟು ಹೆಜ್ಜೆ, ಯಾರ ಒಲೆ, ಯಾರ ಗುಂಡಿ. ಏಳು, ಎಂಟು, ಒಂಬತ್ತು ಖಾಲಿ.

"ಅಲ್ಲಿಗ್ ಓಗೋವಾಗ ಅಜ್ಜಿಗೆ ಬಾಯಾರ್ತು. ನಾನು ನೀರಿಗೆ ಹಳ್ಳುಕ್ ಇಳ್ದೆ. ಬರಾಗಂಟ ಮುಗ್ದಿತ್ತು. ನನ್ ಫೋನ್ ಹಿಡ್ಕಂಡಿದ್ದೋರು ನೀವು. ಅಲ್ಲಿ ಇದ್ದೋರು ಇಬ್ರೇ, ಅಜ್ಜಿ, ನೀವು. ತಾತ ಹೋದಾಗ ಅಪ್ಪ ಅಜ್ಜಿ ಹೊಟ್ಟೇಲಿತ್ತು, ಹುಟ್ಟಿದ್ದೇ ಕಾಡಿಂದ ಈಚಿಗ್ ಬಂದ್ಮೇಲೆ. ಬೇರೆ ಯಾರ್ಗೂ ಗೊತ್ತಿಲ್ಲ. ಬರ್ಕೊಡಿ."

ನೋಟ್‌ಬುಕ್ ಈಗ ನನ್ನ ಬ್ಯಾಗಿನಲ್ಲಿದೆ. ಬಸ್ಸು ಬಂತು.

ಅಕ್ಟೋಬರ್ 23, ಗುರುವಾರ. ಬೆಳಿಗ್ಗೆ 8.10

ನಾಳೆ ವಿಚಾರಣೆ. ಹನ್ನೊಂದಕ್ಕೆ ಶೋಭಾ ಬಂದು ನೋಟ್‌ಬುಕ್ ತಗೊಂಡು ಹೋಗ್ತಾಳೆ. ಆರು ದಿನ ಆಯ್ತು, ಒಂದು ಸಾಲೂ ಬರೆದಿಲ್ಲ. ಅವಳ ಪುಸ್ತಕದಲ್ಲಿ ತಪ್ಪು ಬರೆಯೋಕೆ ಭಯ. ಮೊದಲು ಇಲ್ಲಿ ಬರೀತೀನಿ. ಬಂದಷ್ಟು.

ಏಪ್ರಿಲ್ 12. ಬಿಸಿಲು. ಶೋಭಾ ನೀರಿಗೆ ಇಳಿದಳು. ಬ್ಯಾಟರಿ ನಲವತ್ತಮೂರು ಇತ್ತು. ಸಾಲುತ್ತೋ ಇಲ್ಲವೋ ಅಂತ ಲೆಕ್ಕ ಹಾಕ್ತಿದ್ದೆ. ಗಾಳಿ ಇತ್ತು, ಮೈಕಿಗೆ ಬೆರಳು ಅಡ್ಡ ಹಿಡಿದಿದ್ದೆ. ಇವೆಲ್ಲ ಹೇಗೆ ನೆನಪಿವೆ, ದರಿದ್ರ.

ಏಳು. ದೊಡ್ಡ ಮತ್ತಿ ಮರ, ಬುಡದಲ್ಲಿ ಪೊಟರೆ. ಹುತ್ತ ಇತ್ತು. ಅಜ್ಜಿ ಕೋಲಿನಿಂದ ನೆಲ ಕುಟ್ಟಿದರು. ಇಲ್ಲಿ ಜೇನಿನ ಪಾಲು ಹಂಚ್ತಿದ್ದೋ, ಅಂದರು. ಇದು ಖಚಿತ. ಇದನ್ನು ಬರೆಯಬಹುದು.

ಎಂಟು. ಮರದಿಂದ ಇಳಿಜಾರಿಗೆ. ನೂರು ಹೆಜ್ಜೆ? ನೂರೈವತ್ತು? ಗುಂಡಿ ಇತ್ತು, ಎಲೆ ತುಂಬಿದ್ದು. ಯಾರೋ ಹೆಣ್ಣುಮಗಳ ಹೆಸರು ಹೇಳಿದರು. ಬಾಣಂತಿ. ಹೆಸರು ಬರ್ತಿಲ್ಲ. ಹೇಳಿದ್ದು ಗೊತ್ತು, ಎರಡು ಸಲ ಹೇಳಿದರು, ನಾನು ಹ್ಞೂಂ ಅಂದೆ. ಕೇಳಿಸಿಕೊಳ್ಳದೆ ಹ್ಞೂಂ ಅಂದೆ, ಫೋನು ಕೇಳಿಸಿಕೊಳ್ತಿದೆಯಲ್ಲ ಅಂತ.

ಒಂಬತ್ತು. ಇದೇ ಶೋಭಾಳ ತಾತಂದು. ಎರಡು ಬಂಡೆ, ಒಂದಕ್ಕೊಂದು ಒರಗಿದ ಹಾಗೆ. ಅಜ್ಜಿ ಅಲ್ಲಿಗೆ ಬಂದು ಮಾತು ನಿಲ್ಲಿಸಿದರು. ನಾನು ಮಾತಾಡಿ ಅಜ್ಜಿ, ರೆಕಾರ್ಡ್ ಆಗ್ತಿದೆ ಅಂದೆ. ಆಗ ನನ್ನ ಕಡೆ ತಿರುಗಿದರು. ಫೋನಿನ ಕಡೆಗಲ್ಲ, ನನ್ನ ಕಡೆಗೆ. ಇಲ್ಲಿ ಕಣವ್ವ, ಅಂದರು. ಕೈ ಎತ್ತಿ ತೋರಿಸಿದರು. ಬಂಡೆಯ ಆ ಬದಿಯೋ ಈ ಬದಿಯೋ... ನಾನು ಸ್ಕ್ರೀನ್ ನೋಡ್ತಿದ್ದೆ. ಬಿಸಿಲು ಬಿದ್ದು ಏನೂ ಕಾಣ್ತಿರಲಿಲ್ಲ, ಬ್ರೈಟ್‌ನೆಸ್ ಏರಿಸ್ತಿದ್ದೆ. ಮೂರು ಹೆಜ್ಜೆ ಅಂದರಾ, ಮೂರು ಮಾರು ಅಂದರಾ. ಕೈ ಎತ್ತಿದ್ದು ಕಾಣ್ತಿದೆ. ಬಳೆ ಕಾಣ್ತಿದೆ. ಕೈ ಯಾವ ಕಡೆ